ಕೋಳಿಗೂಡಿಗೆ ಯಾವ ಹಾಸು? ಮೊದಲು ನೀರಿನ ಲೆಕ್ಕ ಹಾಕೋಣ

ಪ್ರಶ್ನೆ: ಮನೆ ಹಿಂದೆ ಎಂಟು ಕೋಳಿ ಸಾಕಿದ್ದೇವೆ. ಗೂಡು ಆರಡಿ ಉದ್ದ, ಆರಡಿ ಅಗಲ, ಸಿಮೆಂಟ್ ನೆಲ. ಆರು ತಿಂಗಳಿಂದ ಗರಗಸದ ಮರದ ಪುಡಿ ಹಾಸುತ್ತಿದ್ದೇವೆ. ಮೊದಲ ವಾರ ಚೆನ್ನಾಗಿರುತ್ತದೆ. ಆಮೇಲೆ ಬೆಳಿಗ್ಗೆ ಬಾಗಿಲು ತೆಗೆದರೆ ಕಣ್ಣು ಉರಿಯುವಷ್ಟು ವಾಸನೆ. ಒಬ್ಬರು ಮರಳು ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಒಣಹುಲ್ಲು ಎನ್ನುತ್ತಾರೆ, ಮತ್ತೊಬ್ಬರು ಸುಮ್ನೆ ಮೇಲೆ ಸುಣ್ಣ ಎರಚಿ ಸಾಕು ಎನ್ನುತ್ತಾರೆ. ಯಾವುದು ಸರಿ? ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ಮುಂದಿನ ತಿಂಗಳು ಮರಿಗಳನ್ನೂ ತರುವ ಯೋಚನೆ ಇದೆ.

ಉತ್ತರ: ಸುಣ್ಣದ ವಿಷಯ ಮೊದಲು ಮುಗಿಸಿಬಿಡೋಣ. ಉಳಿದದ್ದನ್ನು ನಾಳೆ ಮಾಡಿದರೂ ನಡೆಯುತ್ತದೆ, ಆದರೆ ಇದನ್ನು ಇವತ್ತು ಸಂಜೆ ಎರಚಿಬಿಟ್ಟರೆ ರಾತ್ರಿಯೇ ಕೋಳಿಗಳಿಗೆ ಕಷ್ಟ. ಎರಚಬೇಡಿ.

ಯಾಕೆ ಅಂತ ಹೇಳುತ್ತೇನೆ. ಕೋಳಿ ಬೇರೆಯಾಗಿ ಮೂತ್ರ ಮಾಡುವುದಿಲ್ಲ. ಹಿಕ್ಕೆಯ ಮೇಲೆ ಬೆಳ್ಳಗೆ ಟೋಪಿ ಇಟ್ಟ ಹಾಗೆ ಕಾಣುತ್ತದಲ್ಲ, ಅದೇ ಅದರ ಮೂತ್ರ. ಯೂರಿಕ್ ಆಮ್ಲ. ಒಣಗಿದ್ದರೆ ಅದು ತನ್ನ ಪಾಡಿಗೆ ತಾನು ಬಿದ್ದಿರುತ್ತದೆ. ತೇವ ಸಿಕ್ಕಿತೋ, ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ನಿಮ್ಮ ಕಣ್ಣು ಉರಿಸುತ್ತಿರುವುದು ಅದೇ. ಹಾಸಿನ ಪಿಎಚ್ (ಹುಳಿಯೋ ಕ್ಷಾರವೋ ಅಂತ ಹೇಳುವ ಅಳತೆ, 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) 7ಕ್ಕಿಂತ ಕೆಳಗಿದ್ದರೆ ಈ ಅಮೋನಿಯಾದ ಬಹುಪಾಲು ಹಾಸಿನಲ್ಲೇ ಕಟ್ಟಿಬಿದ್ದಿರುತ್ತದೆ. 8 ದಾಟಿತೆಂದರೆ ಗಾಳಿಗೆ ಹಾರತೊಡಗುತ್ತದೆ. ಸುಣ್ಣ ಪಕ್ಕಾ ಕ್ಷಾರ. ಒದ್ದೆ ಹಾಸಿನ ಮೇಲೆ ಅದನ್ನು ಎರಚಿದರೆ ಒಳಗೆ ಅಡಗಿದ್ದ ಅಮೋನಿಯಾವನ್ನೆಲ್ಲ ನೀವೇ ಎಬ್ಬಿಸಿದ ಹಾಗೆ.

ಶುರುವಿನ ದಿನಗಳಲ್ಲಿ ನಾನೂ ಇದೇ ಮಾಡಿದ್ದೆ. ಒದ್ದೆ ಹಾಸು, ಮೇಲೆ ಎರಡು ಬೊಗಸೆ ಸುಣ್ಣ, ಬಾಗಿಲು ಭದ್ರ. ಬೆಳಿಗ್ಗೆ ನೋಡಿದರೆ ಕೋಳಿಗಳೆಲ್ಲ ಗಾಳಿ ಬರುವ ಜಾಲರಿಯ ಕಡೆ ಮುಖ ಮಾಡಿ ಒತ್ತಿಕೊಂಡು ನಿಂತಿದ್ದವು, ಒಂದರ ಕಣ್ಣು ಅರ್ಧ ಮುಚ್ಚಿತ್ತು. ವಾಸನೆ ಮುಂಚೆಗಿಂತ ಜಾಸ್ತಿಯಾಗಿತ್ತು. ತೇವ ಇದ್ದಲ್ಲಿ ಸುಣ್ಣ ಪಾದವನ್ನೂ ಸುಡುತ್ತದೆ. ಗೂಡು ಪೂರ್ತಿ ಖಾಲಿ ಮಾಡಿ, ತೊಳೆದು, ಗೋಡೆಗೆ ಸುಣ್ಣ ಬಳಿದು, ಚೆನ್ನಾಗಿ ಒಣಗಿದ ಮೇಲೆ ಹೊಸ ಹಾಸು ಹಾಕುವುದಾದರೆ ತೊಂದರೆ ಇಲ್ಲ, ಅದು ಒಳ್ಳೆಯ ಅಭ್ಯಾಸವೇ. ಕೋಳಿ ಓಡಾಡುವ ಒದ್ದೆ ಹಾಸಿಗೆ ಮಾತ್ರ ಬೇಡ. ಒಲೆಯ ಬೂದಿಗೂ ಇದೇ ಮಾತು. ಕೋಳಿಗಳು ಮಣ್ಣಲ್ಲಿ ಹೊರಳಾಡುವ ಜಾಗಕ್ಕೆ ಒಣಬೂದಿ ಸ್ವಲ್ಪ ಬೆರೆಸಬಹುದು, ಹಾಸಿಗೆ ಬೆರೆಸಬೇಡಿ. ದೊಡ್ಡ ಫಾರ್ಮುಗಳಲ್ಲಿ ಸುಣ್ಣಕ್ಕೆ ತದ್ವಿರುದ್ಧವಾದ ಹುಳಿ ಪದಾರ್ಥಗಳನ್ನು, ಅಂದರೆ ಅಲ್ಯುಮಿನಿಯಂ ಸಲ್ಫೇಟ್, ಸೋಡಿಯಂ ಬೈಸಲ್ಫೇಟ್ ಇಂಥವನ್ನು, ಹಾಸಿಗೆ ಹಾಕುತ್ತಾರೆ. ಎಂಟು ಕೋಳಿಗೆ ಅದರ ಗೊಡವೆ ಬೇಡ.

ಈಗ ನಿಮ್ಮ ಅಸಲಿ ಪ್ರಶ್ನೆ. ಯಾವ ಹಾಸು ಒಳ್ಳೆಯದು ಅಂತ ಕೇಳಿದ್ದೀರಿ. ಅದಕ್ಕೆ ಮುಂಚೆ ಒಂದು ಲೆಕ್ಕ ನೋಡೋಣ.

ಮೊಟ್ಟೆ ಇಡುವ ಒಂದು ಕೋಳಿ ದಿನಕ್ಕೆ ನೂರರಿಂದ ನೂರೈವತ್ತು ಗ್ರಾಂ ಹಿಕ್ಕೆ ಹಾಕುತ್ತದೆ. ಎಂಟು ಕೋಳಿಗೆ ಹೆಚ್ಚು ಕಡಿಮೆ ಒಂದು ಕೆಜಿ. ಹಸಿ ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರು. ಅಂದರೆ ಪ್ರತಿದಿನ ಮುಕ್ಕಾಲು ಲೀಟರ್ ನೀರನ್ನು ನೀವು ಆ ಆರಡಿ ಜಾಗಕ್ಕೆ ಸುರಿಯುತ್ತಿದ್ದೀರಿ, ವಾರಕ್ಕೆ ಐದು ಲೀಟರ್. ಜೊತೆಗೆ ಕೋಳಿಗಳ ಉಸಿರಿನ ತೇವ, ಬಟ್ಟಲಿನಿಂದ ಚೆಲ್ಲುವ ನೀರು. ಇಷ್ಟನ್ನೂ ಹೀರಿ ಇಟ್ಟುಕೊಳ್ಳುವ ಹಾಸು ಲೋಕದಲ್ಲೇ ಇಲ್ಲ. ಇದ್ದರೂ ಎರಡು ವಾರಕ್ಕೆ ತುಂಬಿಹೋಗುತ್ತದೆ. ಹಾಗಾಗಿ ಹಾಸಿನ ಕೆಲಸ ನೀರನ್ನು ಹೀರಿಕೊಂಡು ಮತ್ತೆ ಗಾಳಿಗೆ ಬಿಟ್ಟುಕೊಡುವುದು. ಎಷ್ಟು ಹೀರುತ್ತದೆ ಅಂತ ಎಲ್ಲರೂ ನೋಡುತ್ತಾರೆ. ಎಷ್ಟು ಬೇಗ ಒಣಗುತ್ತದೆ ಅಂತ ನೋಡುವವರು ಕಡಿಮೆ. ನನ್ನ ಪ್ರಕಾರ ಹಾಸನ್ನು ಅಳೆಯಬೇಕಾದದ್ದು ಈ ಎರಡನೆಯದರಿಂದ.

ನಿಮ್ಮ ಮರದ ಪುಡಿ ಸೋತದ್ದೂ ಇಲ್ಲೇ. ಹೀರುವುದರಲ್ಲಿ ಅದು ಗಟ್ಟಿಗ. ಆದರೆ ಕಣ ಸಣ್ಣದು, ತುಳಿದ ಹಾಗೆ ಒತ್ತಿಕೊಂಡು ಹೆಂಟೆಯಾಗುತ್ತದೆ, ನಡುವೆ ಗಾಳಿ ಆಡಲು ಜಾಗವೇ ಇರುವುದಿಲ್ಲ. ಮೇಲೆ ಒಣಗಿದ ಪದರ, ಅದರ ಕೆಳಗೆ ಕಪ್ಪು ಕೆಸರು. ಒಂದು ಕಡ್ಡಿಯಿಂದ ಮೇಲಿನ ಪದರ ಎಬ್ಬಿಸಿ ನೋಡಿ, ರೊಟ್ಟಿ ಎದ್ದ ಹಾಗೆ ಏಳುತ್ತದೆ, ಏಳುತ್ತಿದ್ದ ಹಾಗೇ ಘಾಟು ಮೂಗಿಗೆ ಹೊಡೆಯುತ್ತದೆ. ಇನ್ನೊಂದು ವಿಷಯ ಯಾರೂ ಗಮನಿಸುವುದಿಲ್ಲ. ಹಸಿ ಮರ ಕೊಯ್ದ ಪುಡಿಯಾದರೆ ಅದರ ತೂಕದ ಅರ್ಧದಷ್ಟು ನೀರೇ ಇರಬಹುದು. ಚೀಲದಲ್ಲಿ ಕಟ್ಟಿಟ್ಟ ಪುಡಿಯೊಳಗೆ ಕೈ ಹಾಕಿದಾಗ ಬೆಚ್ಚಗೆ ಅನ್ನಿಸಿದರೆ ಅದು ಆಗಲೇ ಕೊಳೆಯಲು ಶುರುವಾಗಿದೆ ಅಂತಲೇ ಅರ್ಥ. ಅಂಥದ್ದನ್ನು ತಂದು ಹಾಸಿದರೆ ಬೂಷ್ಟು ಗ್ಯಾರಂಟಿ.

ಹಾಸು ಬದಲಿಸುವ ಮೊದಲು ಗೂಡಿನ ನೀರು ಎಲ್ಲೆಲ್ಲಿಂದ ಬರುತ್ತಿದೆ ನೋಡಿ. ಇಲ್ಲದಿದ್ದರೆ ಯಾವ ಹಾಸು ತಂದರೂ ಮೂರನೇ ವಾರ ಮತ್ತೆ ಇದೇ ಪ್ರಶ್ನೆ ಕೇಳುತ್ತೀರಿ.

ಮೊದಲ ಅನುಮಾನ ನೀರಿನ ಬಟ್ಟಲಿನ ಮೇಲೆ. ನೆಲದ ಮೇಲೆ ಇಟ್ಟಿದ್ದೀರಾ? ಹಾಗಾದರೆ ಕೋಳಿಗಳು ಕೆದಕಿ ಅದರೊಳಗೆ ಕಸ ತುಂಬುತ್ತವೆ, ಆ ಕಸ ನೀರನ್ನು ಅಂಚಿನಿಂದ ಹೊರಗೆ ಎಳೆಯುತ್ತದೆ. ಬಟ್ಟಲಿನ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ಎತ್ತರಿಸಿ, ಅಡಿಯಲ್ಲಿ ಒಂದು ಜಾಲರಿ ಕಟ್ಟೆ ಮಾಡಿ. ಮಳೆ ಬೀಳದ ಜಾಗ ಹೊರಗೆ ಇದ್ದರೆ ಬಟ್ಟಲನ್ನು ಗೂಡಿನಿಂದ ಆಚೆಗೇ ಇಡಿ, ಕತ್ತಲಾದ ಮೇಲೆ ಕೋಳಿ ನೀರು ಕುಡಿಯುವುದಿಲ್ಲ. ಆದರೆ ಬೆಳಗಾಗುತ್ತಿದ್ದಂತೆ ನೀರು ಸಿಗಬೇಕು. ತಡವಾಗಿ ಬಾಗಿಲು ತೆಗೆಯುವವರು ಹೀಗೆ ಮಾಡಬೇಡಿ.

ಎರಡನೆಯದು ನೆಲ. ಸಿಮೆಂಟ್ ನೆಲ ನೋಡಲು ಒಣಗಿದ್ದರೂ ಕೆಳಗಿನ ಮಣ್ಣಿನ ತೇವ ಅದರ ಮೂಲಕ ಮೇಲೆ ಬರಬಹುದು. ಪರೀಕ್ಷೆ ಸುಲಭ. ಒಂದು ಮೂಲೆ ಗುಡಿಸಿ ಒಣಗಿಸಿ, ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಚ್ಚಿ ಅಂಟಿಸಿ, ಮಾರನೆಯ ದಿನ ಎತ್ತಿ ನೋಡಿ. ಹಾಳೆಯ ಅಡಿಯಲ್ಲಿ ಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ತೇವ ಕೆಳಗಿನಿಂದ ಬರುತ್ತಿದೆ ಎಂದರ್ಥ. ಆಗ ಹಾಸು ದಪ್ಪ ಇರಲೇಬೇಕು, ಮತ್ತು ಮಳೆನೀರು ಗೂಡಿನ ಬುಡಕ್ಕೆ ಬರದಂತೆ ಸುತ್ತ ಒಂದು ಕಾಲುವೆ ತೆಗೆಯಬೇಕು.

ಮೂರನೆಯದು ಗಾಳಿ. ಚಳಿ, ಮಳೆ, ಬೆಕ್ಕು, ಹೆಗ್ಗಣ ಅಂತ ಹೆದರಿ ಜನ ಗೂಡನ್ನು ಪೆಟ್ಟಿಗೆಯಂತೆ ಮುಚ್ಚಿಬಿಡುತ್ತಾರೆ. ಒಣಗಿರುವ ಕೋಳಿ ಚಳಿ ತಡೆಯುತ್ತದೆ, ತೇವದಲ್ಲಿ ಕೂತ ಕೋಳಿ ತಡೆಯುವುದಿಲ್ಲ. ಕೂರುವ ಕೋಲಿಗಿಂತ ಮೇಲೆ, ಮಾಡಿನ ಅಡಿಯಲ್ಲಿ ಎರಡೂ ಕಡೆ ಜಾಲರಿ ಬಿಟ್ಟು ತೆರೆದಿಡಿ. ಗಾಳಿ ಕೋಳಿಯ ಮೈಗೆ ನೇರ ಬಡಿಯಬಾರದು, ತಲೆಯ ಮೇಲಿಂದ ಹಾದುಹೋಗಬೇಕು. ಅಷ್ಟೆ.

ನಾಲ್ಕನೆಯದು ರಾತ್ರಿಯ ಹಿಕ್ಕೆ. ಇದು ನನಗೆ ತುಂಬ ಇಷ್ಟವಾದ ಉಪಾಯ, ಯಾಕಂದ್ರೆ ಒಂದು ಹಲಗೆಯಿಂದ ಅರ್ಧ ತಲೆನೋವು ಹೋಗುತ್ತದೆ. ದಿನದ ಹಿಕ್ಕೆಯಲ್ಲಿ ಸುಮಾರು ಅರ್ಧ ಬೀಳುವುದು ರಾತ್ರಿ, ಕೋಳಿ ಕೂರುವ ಕೋಲಿನ ಅಡಿಯಲ್ಲಿ, ಒಂದೇ ಸಾಲಿನಲ್ಲಿ. ಆ ಕೋಲಿನ ಕೆಳಗೆ ಒಂದು ಗೇಣಿನಷ್ಟು ಬಿಟ್ಟು ಎರಡಡಿ ಅಗಲದ ಹಲಗೆ ಕೂರಿಸಿ. ಬೆಳಿಗ್ಗೆ ಒಂದು ಕರಣೆಯಿಂದ ಕೆರೆದು ಬಕೆಟ್ಟಿಗೆ ಹಾಕಿದರೆ ಎರಡು ನಿಮಿಷದ ಕೆಲಸ. ವಾರಕ್ಕೆ ಐದು ಲೀಟರ್ ಅಂದೆನಲ್ಲ, ಅದರಲ್ಲಿ ಎರಡೂವರೆ ಲೀಟರ್ ಹಾಸನ್ನು ಮುಟ್ಟುವುದೇ ಇಲ್ಲ. ಹಲಗೆಯ ಮೇಲೆ ತೆಳುವಾಗಿ ಒಣ ಮರಳೋ ಹೊಟ್ಟೋ ಉದುರಿಸಿದ್ದರೆ ಕೆರೆಯುವುದು ಇನ್ನೂ ಸಲೀಸು. ಇನ್ನೊಂದು ಲಾಭವೂ ಇದೆ. ಪ್ರತಿದಿನ ಹಿಕ್ಕೆ ನೋಡುವುದರಿಂದ ಕಾಯಿಲೆ ಬೇಗ ಗೊತ್ತಾಗುತ್ತದೆ. ಎಂಟು ಹತ್ತು ಹಿಕ್ಕೆಗೆ ಒಂದು ಕಂದು ಬಣ್ಣದ, ಅಂಟು ಅಂಟಾದ, ವಿಪರೀತ ನಾರುವ ಹಿಕ್ಕೆ ಕಂಡರೆ ಗಾಬರಿ ಬೇಡ, ಅದು ಕುರುಡುಕರುಳಿನಿಂದ ಬರುವಂಥದ್ದು, ಆರೋಗ್ಯವಾಗಿರುವ ಕೋಳಿಯೂ ಹಾಕುತ್ತದೆ. ರಕ್ತ ಕಂಡರೆ ಮಾತ್ರ ಪಶುವೈದ್ಯರಿಗೆ ತೋರಿಸಿ.

ಸರಿ, ಈಗ ಹಾಸಿಗೆ ಬರೋಣ.

ನನ್ನನ್ನು ಕೇಳಿದರೆ ನಿಮಗೆ ಎರಡೇ ಆಯ್ಕೆ: ಭತ್ತದ ಹೊಟ್ಟು, ಅಥವಾ ಬಡಗಿ ಮರ ಕೀಸುವಾಗ ಸುರುಳಿ ಸುರುಳಿಯಾಗಿ ಬೀಳುವ ಸಿಪ್ಪೆ. ಇವೆರಡರಲ್ಲಿ ವರ್ಷವಿಡೀ ಯಾವುದು ನಿಮಗೆ ತಪ್ಪದೆ, ಒಣಗಿದ್ದು ಸಿಗುತ್ತದೋ ಅದನ್ನು ಹಿಡಿಯಿರಿ.

ಭತ್ತದ ಹೊಟ್ಟು ಹೀರುವುದರಲ್ಲಿ ಮರದ ಸಿಪ್ಪೆಗಿಂತ ಹಿಂದೆ. ಅದರ ಮೈಯಲ್ಲಿ ಸಿಲಿಕಾ ಜಾಸ್ತಿ, ನೀರು ಬೇಗ ಒಳಗಿಳಿಯುವುದಿಲ್ಲ. ಆದರೆ ಅದೇ ಕಾರಣಕ್ಕೆ ಮೆತ್ತಗಾಗುವುದಿಲ್ಲ, ಹೆಂಟೆ ಕಟ್ಟುವುದು ಕಡಿಮೆ, ಕೋಳಿ ಒಂದು ಸಲ ಕಾಲಲ್ಲಿ ಕೆದಕಿದರೆ ಮೇಲಿನದು ಕೆಳಗೆ ಕೆಳಗಿನದು ಮೇಲೆ ಆಗಿಬಿಡುತ್ತದೆ. ಒಂದು ಮುಷ್ಟಿ ಹೊಟ್ಟು ಹಿಡಿದು ಬೆರಳ ಸಂದಿಯಿಂದ ಬಿಟ್ಟು ನೋಡಿ, ನೀರಿನ ಹಾಗೆ ಹರಿಯುತ್ತದೆ. ಆ ಹರಿಯುವ ಗುಣವೇ ಅದನ್ನು ಒಣಗಿಸುವುದು. ತರುವಾಗ ತೌಡು ಬೆರೆತಿಲ್ಲ ಅಂತ ನೋಡಿಕೊಳ್ಳಿ. ತೌಡು ಇದ್ದರೆ ಅಂಗೈಗೆ ಎಣ್ಣೆ ಎಣ್ಣೆಯಾಗಿ ಹತ್ತುತ್ತದೆ, ಬೂಷ್ಟು ಬೇಗ ಬರುತ್ತದೆ, ಇಲಿಗಳೂ ಬರುತ್ತವೆ.

ಮರದ ಸಿಪ್ಪೆಯಲ್ಲಿ ಹೀರುವ ಶಕ್ತಿ, ಒಣಗುವ ಶಕ್ತಿ ಎರಡೂ ಇದೆ, ಎರಡು ಸುರುಳಿಗಳ ನಡುವೆ ಗಾಳಿಗೆ ಜಾಗ ತಾನಾಗೇ ಇರುತ್ತದೆ. ನಿಜ ಹೇಳಬೇಕೆಂದರೆ ಗುಣದಲ್ಲಿ ಇದೇ ಮೊದಲು. ತೊಂದರೆ ಇರುವುದು ಮೂಲದಲ್ಲಿ. ಯಾವ ಮರ ಕೀಸಿದ್ದು ಅಂತ ಕೇಳದೆ ತರಬೇಡಿ. ಪ್ಲೈವುಡ್, ಎಂಡಿಎಫ್ ಹಲಗೆ ಕೊಯ್ದ ಪುಡಿಯಲ್ಲಿ ಅಂಟು ಇರುತ್ತದೆ. ಗೆದ್ದಲು ಹಿಡಿಯದಂತೆ ಔಷಧಿ ಕುಡಿಸಿದ ಮರದಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕೂಡ ಇರಬಹುದು, ಕೋಳಿ ಕೆದಕಿ ತಿನ್ನುವ ಪ್ರಾಣಿ ಅನ್ನುವುದು ನೆನಪಿರಲಿ, ಮೊಟ್ಟೆ ತಿನ್ನುವವರು ನೀವೇ ಅನ್ನುವುದೂ. ಸೀಡರ್ ತರಹದ ಘಮ್ಮೆನ್ನುವ ಮರವೂ ಬೇಡ. ನಮಗೆ ಹಿತವಾದ ಆ ವಾಸನೆ ಮುಚ್ಚಿದ ಗೂಡಿನಲ್ಲಿ ಕೋಳಿಯ ಶ್ವಾಸಕ್ಕೆ ಕಿರಿಕಿರಿ. ಒಮ್ಮೆ ಒಂದು ಮರಗೆಲಸದ ಕಡೆಯಿಂದ ಮೂರು ಚೀಲ ಸಿಪ್ಪೆ ತಂದು ಸುರಿದ ಮೇಲೆ ನೋಡಿದರೆ ನಡುನಡುವೆ ಬಣ್ಣ ಹಚ್ಚಿದ ಚೂರುಗಳು, ಎರಡು ಸಣ್ಣ ಮೊಳೆ. ಅವತ್ತಿಂದ ಚೀಲ ನೇರ ಗೂಡಿಗೆ ಸುರಿಯುವುದು ಬಿಟ್ಟೆ, ಮೊದಲು ಅಂಗಳದಲ್ಲಿ ಹರಡಿ ಅಯಸ್ಕಾಂತ ಆಡಿಸುತ್ತೇನೆ.

ಒಣಹುಲ್ಲು ಹೇಳಿದವರು ತಪ್ಪು ಹೇಳಿಲ್ಲ, ಅರ್ಧ ಹೇಳಿದ್ದಾರೆ. ಭತ್ತದ್ದಾಗಲಿ ಗೋಧಿಯದ್ದಾಗಲಿ, ಉದ್ದ ಹುಲ್ಲನ್ನು ಹಾಗೇ ಹಾಸಿದರೆ ವಾರದೊಳಗೆ ಚಾಪೆಯಾಗುತ್ತದೆ. ಅದರ ಅಡಿ ತೇವ ಹಾಗೇ ನಿಲ್ಲುತ್ತದೆ. ಕೋಳಿಗೆ ಆ ಚಾಪೆ ಕೆದಕಲು ಆಗುವುದಿಲ್ಲ. ಎರಡು ಮೂರು ಸೆಂಟಿಮೀಟರ್ ತುಂಡು ಮಾಡಿ ಹೊಟ್ಟಿನ ಜೊತೆ ಬೆರೆಸಿದರೆ ಒಳ್ಳೆಯ ಹಾಸೇ. ಆದರೆ ಒದ್ದೆಯಾದ ಹುಲ್ಲು ಬೂಷ್ಟಿನ ಮನೆ. ಆಸ್ಪರ್ಜಿಲಸ್ ಎಂಬ ಬೂಷ್ಟಿನ ಬೀಜಕಣ ಮರಿಗಳ ಶ್ವಾಸಕೋಶಕ್ಕೆ ಹೋದರೆ ಬಾಯಿ ತೆರೆದುಕೊಂಡು ಉಸಿರಾಡುತ್ತಾ ಸಾಯುತ್ತವೆ. ಬೂದುಬಣ್ಣದ ಪುಡಿ ಏಳುವ, ಮುಗ್ಗಲು ವಾಸನೆಯ ಹುಲ್ಲನ್ನು ಬಿಸಿಲಿಗೆ ಹಾಕಿ ಒಣಗಿಸಿ ಬಳಸುವ ಆಸೆಯನ್ನೂ ಬಿಡಿ, ಒಣಗಿದ ಮೇಲೆ ಬೀಜಕಣ ಇನ್ನೂ ಚೆನ್ನಾಗಿ ಹಾರುತ್ತದೆ. ಇನ್ನು ಕೊಯ್ದು ಒಣಗಿಸಿದ ಹಸಿರು ಹುಲ್ಲನ್ನಂತೂ ಹಾಸಲೇಬೇಡಿ. ಕೋಳಿ ಅದರ ಉದ್ದ ಎಳೆಗಳನ್ನು ನುಂಗುತ್ತದೆ, ಕುತ್ತಿಗೆ ಬುಡದ ಮೇವಿನ ಚೀಲದಲ್ಲಿ ಅದು ಉಂಡೆ ಕಟ್ಟಿ ನಿಲ್ಲಬಹುದು.

ಮರಳು. ಇದರ ಬಗ್ಗೆ ಜಗಳ ಆಡುವಷ್ಟು ಅಭಿಮಾನಿಗಳಿದ್ದಾರೆ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಮರಳು ನೀರು ಹೀರುವುದಿಲ್ಲ. ಹಿಕ್ಕೆ ಅದರ ಮೇಲೆ ಬಿದ್ದು, ಮರಳ ಕಣ ಮೆತ್ತಿಕೊಂಡು, ಬೇಗ ಒಣಗಿ ಗೋಲಿಯಾಗುತ್ತದೆ. ಜರಡಿ ಹಾಕಿ ಎತ್ತಿದರೆ ನೆಲ ಮತ್ತೆ ಹೊಸದಾಗಿ ಕಾಣುತ್ತದೆ. ಮಾಡು ಸೋರದ, ನೆಲ ಒಣಗಿರುವ, ಗಾಳಿ ಒಣಗಿರುವ ಕಡೆ, ಪ್ರತಿದಿನ ಜರಡಿ ಹಿಡಿಯುವ ಮನುಷ್ಯ ಇದ್ದರೆ ನಿಜಕ್ಕೂ ಚೆನ್ನಾಗಿ ನಡೆಯುತ್ತದೆ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಕಥೆ ಬೇರೆ. ನೆಂದ ಮರಳು ಸಿಮೆಂಟ್ ನೆಲದ ಮೇಲೆ ಒಣಗುವುದೇ ಇಲ್ಲ, ಹಿಕ್ಕೆ ಅದರಲ್ಲಿ ಕರಗಿ ಸೇರಿಹೋಗುತ್ತದೆ, ಆಮೇಲೆ ಬೇರ್ಪಡಿಸುವುದು ಅಸಾಧ್ಯ. ನಿಮ್ಮ ಆರಡಿ ಗೂಡಿಗೆ ನಾಲ್ಕು ಇಂಚು ಮರಳು ಅಂದರೆ ಅರ್ಧ ಟನ್ ತೂಕ. ಹಾಳಾದರೆ ಅಷ್ಟನ್ನೂ ಬುಟ್ಟಿಯಲ್ಲಿ ಹೊತ್ತು ಹಾಕಬೇಕು, ಗೊಬ್ಬರವೂ ಆಗುವುದಿಲ್ಲ. ಹಾಕುವುದೇ ಆದರೆ ದಪ್ಪ ಕಣದ, ತೊಳೆದ ಮರಳು ಹಾಕಿ. ನುಣ್ಣನೆ ಮರಳಿನ ಧೂಳು ಕೋಳಿಗೂ ನಿಮಗೂ ಒಳ್ಳೆಯದಲ್ಲ. ನಿಮ್ಮದು ಈಗಾಗಲೇ ತೇವದ ಸಮಸ್ಯೆ ಇರುವ ಗೂಡು. ನಾನಾದರೆ ಮರಳಿನ ಕಡೆ ಹೋಗುವುದಿಲ್ಲ.

ಉಳಿದವು ಬೇಗ ಹೇಳಿಬಿಡುತ್ತೇನೆ. ತೆಂಗಿನ ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹೀರುತ್ತದೆ, ಆದರೆ ಬಿಟ್ಟುಕೊಡುವುದು ನಿಧಾನ. ಒಂಟಿಯಾಗಿ ಬೇಡ, ಬಟ್ಟಲಿನ ಅಡಿ ಚೆಲ್ಲಿದ ಜಾಗಕ್ಕೆ ಒಂದು ಬೊಗಸೆ ಹಾಕಿ ತೆಗೆಯಲು ಒಳ್ಳೆಯದು. ಕಡಲೆಕಾಯಿ ಸಿಪ್ಪೆ ಪೂರ್ತಿ ಒಣಗಿದ್ದರೆ ನಡೆಯುತ್ತದೆ, ನೆಂದರೆ ಬೂಷ್ಟಿನ ವಿಷದ ಭಯ ಇದೆ. ಕಬ್ಬಿನ ಸಿಪ್ಪೆ ಚೆನ್ನಾಗಿ ಹೀರುತ್ತದೆ, ಬೇಗ ಹೆಂಟೆಯೂ ಕಟ್ಟುತ್ತದೆ. ಒಣ ಎಲೆ ಕೋಳಿಗಳಿಗೆ ಹಬ್ಬ, ಕೆದಕಿ ಕೆದಕಿ ಎರಡು ದಿನದಲ್ಲಿ ಪುಡಿ ಮಾಡುತ್ತವೆ, ಬೇರೆ ಹಾಸಿನ ಮೇಲೆ ಆಗಾಗ ಒಂದು ಬುಟ್ಟಿ ಹಾಕಿ. ಹಳೆ ಪೇಪರ್ ಹಾಸುವುದು ಹಾಸಲ್ಲ, ಜಾರುಬಂಡೆ.

ಎಷ್ಟು ಹಾಕಬೇಕು? ಇಲ್ಲೇ ಬಹಳ ಜನ ಜಿಪುಣರಾಗುತ್ತಾರೆ. ನೆಲ ಕಾಣದ ಹಾಗೆ ಒಂದು ಇಂಚು ಉದುರಿಸಿದರೆ ಅದು ಮೂರು ದಿನದಲ್ಲಿ ಹಿಕ್ಕೆ ಜಾಸ್ತಿ, ಹಾಸು ಕಡಿಮೆ ಆಗುತ್ತದೆ. ಶುರುವಿಗೇ ನಾಲ್ಕು ಇಂಚು ಹಾಕಿ. ನಿಮ್ಮ ಗೂಡಿಗೆ ಅದು ಒಂದು ಘನ ಮೀಟರಿನ ಮೂರನೇ ಒಂದು ಪಾಲು, ಭತ್ತದ ಹೊಟ್ಟಾದರೆ ಮೂವತ್ತರಿಂದ ನಲವತ್ತೈದು ಕೆಜಿ. ಬಾಗಿಲ ಬಳಿ ಒಂದಡಿ ಎತ್ತರದ ಹಲಗೆ ಅಡ್ಡ ಇಡಿ, ಇಲ್ಲದಿದ್ದರೆ ಅರ್ಧ ಹಾಸನ್ನು ಕೋಳಿಗಳು ಒಂದೇ ದಿನದಲ್ಲಿ ಅಂಗಳಕ್ಕೆ ಕೆದಕಿ ಹಾಕುತ್ತವೆ.

ಬದಲಿಸುವ ಪ್ರಶ್ನೆಗೆ ಉತ್ತರ ಕ್ಯಾಲೆಂಡರಿನಲ್ಲಿಲ್ಲ, ಮುಷ್ಟಿಯಲ್ಲಿದೆ. ಕೈಗವಸು ಹಾಕಿಕೊಂಡು ಹಾಸಿನ ನಡುಭಾಗದಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಸುಕಿ, ಕೈ ಬಿಡಿಸಿ. ಉಂಡೆಯಾಗಿ ಹಾಗೇ ಕೂತರೆ ತೇವ ಜಾಸ್ತಿ. ಉಂಡೆಯಾಗಿ, ಬೆರಳು ಬಿಡಿಸುತ್ತಿದ್ದಂತೆ ಬಿರುಕು ಬಿಟ್ಟು ಉದುರಿದರೆ ಸರಿಯಾಗಿದೆ, ನೂರಕ್ಕೆ 20ರಿಂದ 25 ಪಾಲು ತೇವ ಇರುವ ಹಾಸು ಹೀಗೇ ಇರುತ್ತದೆ. ಒಂದು ಚೂರೂ ಸೇರದೆ ಧೂಳು ಹಾರಿದರೆ ಅತಿ ಒಣ, ಅದೂ ಉಸಿರಿಗೆ ಒಳ್ಳೆಯದಲ್ಲ. ಈ ಪರೀಕ್ಷೆಯನ್ನು ಬಟ್ಟಲಿನ ಬಳಿ ಒಂದು ಸಲ, ಕೋಲಿನ ಅಡಿ ಒಂದು ಸಲ, ಮೂಲೆಯಲ್ಲಿ ಒಂದು ಸಲ ಮಾಡಿ. ಸಾಮಾನ್ಯವಾಗಿ ಕೆಟ್ಟಿರುವುದು ಒಂದು ಜಾಗ, ನಾವು ಇಡೀ ಗೂಡು ಖಾಲಿ ಮಾಡಿ ಕೂರುತ್ತೇವೆ. ಕೆಟ್ಟ ಜಾಗದ್ದನ್ನಷ್ಟೇ ಸಲಿಕೆಯಲ್ಲಿ ಎತ್ತಿ, ಹೊಸದು ತುಂಬಿದರೆ ಸಾಕು.

ಎರಡನೆಯ ಪರೀಕ್ಷೆ ಮೂಗಿನದು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒಳಗೆ ಕುಕ್ಕರುಗಾಲಲ್ಲಿ ಕೂತು, ಮುಖವನ್ನು ಕೋಳಿಯ ತಲೆಯ ಮಟ್ಟಕ್ಕೆ ತಂದು ನಿಧಾನಕ್ಕೆ ಉಸಿರೆಳೆಯಿರಿ. ನಿಂತಾಗ ತಿಳಿಯದ ಘಾಟು ಕೂತಾಗ ತಿಳಿಯುತ್ತದೆ. ಹುಟ್ಟುವುದೇ ನೆಲದಲ್ಲಿ ಅಲ್ವಾ. ಕೋಳಿಮನೆಯಲ್ಲಿ ಅಮೋನಿಯಾ ಹತ್ತು ಲಕ್ಷಕ್ಕೆ 25 ಭಾಗ ದಾಟಬಾರದು ಅಂತ ಲೆಕ್ಕ. ನಮ್ಮ ಮೂಗಿಗೆ ಗೊತ್ತಾಗುವುದೂ ಹೆಚ್ಚು ಕಡಿಮೆ ಅದರ ಆಸುಪಾಸಿನಲ್ಲೇ, ಕೆಲವರಿಗೆ ಸ್ವಲ್ಪ ಮುಂಚೆ. ಕಣ್ಣು ಉರಿಯುತ್ತಿದೆ ಅಂದರೆ ಆ ಗಡಿ ದಾಟಿ ತುಂಬ ಮುಂದೆ ಬಂದಾಗಿದೆ. ಆ ಮಟ್ಟದಲ್ಲಿ ಕೋಳಿಯ ಶ್ವಾಸನಾಳದಲ್ಲಿ ಧೂಳು ತಡೆಯುವ ಸಣ್ಣ ಕೂದಲಿನಂಥ ಎಳೆಗಳು ಹಾಳಾಗುತ್ತವೆ, ಆಮೇಲೆ ನೆಗಡಿ, ಗೊರಗೊರ ಅಂತ ಒಂದರ ಹಿಂದೆ ಒಂದು. ದಿನವೂ ಗೂಡಿನಲ್ಲೇ ಓಡಾಡುವವರ ಮೂಗು ಒಗ್ಗಿಹೋಗಿರುತ್ತದೆ, ಹಾಗಾಗಿ ಅಪರೂಪಕ್ಕೆ ಬರುವ ನೆಂಟರನ್ನು ಒಮ್ಮೆ ಒಳಗೆ ಕಳಿಸಿ ನೋಡಿ. ಬೈದುಕೊಂಡರೂ ಪರವಾಗಿಲ್ಲ.

ಇನ್ನೊಂದು ದಾರಿ ಇದೆ, ಡೀಪ್ ಲಿಟರ್. ಹಾಸನ್ನು ತೆಗೆಯದೆ ಮೇಲೆ ಮೇಲೆ ಸೇರಿಸುತ್ತಾ ಹೋಗುವುದು. ನಾಲ್ಕು ಇಂಚಿನಿಂದ ಶುರುಮಾಡಿ, ಎರಡು ಮೂರು ವಾರಕ್ಕೊಮ್ಮೆ ಒಂದು ಇಂಚು ಹೊಸದು ಸೇರಿಸಿ, ಎಂಟರಿಂದ ಹನ್ನೆರಡು ಇಂಚಿನವರೆಗೆ ಬೆಳೆಸುತ್ತಾರೆ, ವರ್ಷಕ್ಕೆ ಒಂದೋ ಎರಡೋ ಸಲ ಮಾತ್ರ ಪೂರ್ತಿ ತೆಗೆಯುತ್ತಾರೆ. ಇದು ಸೋಮಾರಿಗಳ ಉಪಾಯ ಅಂತ ನಗಬೇಡಿ. 1940ರ ದಶಕದಲ್ಲಿ ಅಮೆರಿಕದ ಒಹಾಯೋ ಕೃಷಿ ಪ್ರಯೋಗ ಕೇಂದ್ರದಲ್ಲಿ ಇದನ್ನೇ ಪರೀಕ್ಷಿಸಿ, ಹಳೆ ಹಾಸಿನ ಮೇಲೆ ಬೆಳೆದ ಕೋಳಿಗಳು ಹೊಸ ಹಾಸಿನವಕ್ಕಿಂತ ಚೆನ್ನಾಗಿದ್ದವು ಅಂತ ಕಂಡುಕೊಂಡರು. ಹಾಸಿನ ಸೂಕ್ಷ್ಮಜೀವಿಗಳು ತಯಾರಿಸುವ ಒಂದು ಪೋಷಕಾಂಶವನ್ನು ಕೋಳಿಗಳು ಕೆದಕಿ ತಿನ್ನುತ್ತಿದ್ದವು. ಅದೇ ಬಿ12 ಜೀವಸತ್ವ, 1948ರಲ್ಲಿ ಅದನ್ನು ಪ್ರತ್ಯೇಕಿಸಿದರು.

ಒಳಗೆ ನಡೆಯುವುದು ಗೊಬ್ಬರ ಗುಂಡಿಯ ಲೆಕ್ಕವೇ. ಹಿಕ್ಕೆಯಲ್ಲಿ ಸಾರಜನಕ ಜಾಸ್ತಿ, ಹೊಟ್ಟು ಸಿಪ್ಪೆಗಳಲ್ಲಿ ಇಂಗಾಲ ಜಾಸ್ತಿ. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಸಿಕ್ಕರೆ ಸೂಕ್ಷ್ಮಜೀವಿಗಳು ಸಾರಜನಕವನ್ನು ತಮ್ಮ ಮೈಗೆ ಹಾಕಿಕೊಳ್ಳುತ್ತವೆ, ಗಾಳಿಗೆ ಬಿಡುವುದು ಕಡಿಮೆ. ಬರೀ ಹಿಕ್ಕೆಯಲ್ಲಿ ಈ ಪ್ರಮಾಣ ಹತ್ತರ ಆಸುಪಾಸು. ಹಾಗಾಗಿ ಘಾಟು ಬಂದಾಗ ಮಾಡಬೇಕಾದ ಮೊದಲ ಕೆಲಸ ಒಣ ಹೊಟ್ಟು ಸೇರಿಸಿ ಕೆದಕುವುದು. ಕೆದಕುವ ಕೆಲಸ ಕೋಳಿಗೇ ಬಿಡಿ, ಸಂಜೆ ಒಂದು ಹಿಡಿ ಕಾಳನ್ನು ಹಾಸಿನ ಮೇಲೆ ಚೆಲ್ಲಿದರೆ ಹತ್ತು ನಿಮಿಷದಲ್ಲಿ ಇಡೀ ಗೂಡು ಉತ್ತು ಹಾಕುತ್ತವೆ. ಅವು ಹೋಗದ ಮೂಲೆಗಳನ್ನು ವಾರಕ್ಕೊಮ್ಮೆ ನೀವು ಕವೆಗೋಲಲ್ಲಿ ತಿರುವಿ, ಕೈಗೆ ಸಿಕ್ಕಿದ ಹೆಂಟೆಗಳನ್ನು ಹೊರಗೆ ಹಾಕಿ.

ಆದರೆ ಡೀಪ್ ಲಿಟರ್ ಎಲ್ಲರಿಗೂ ಅಲ್ಲ. ಗಾಳಿಯಾಡದ ಗೂಡು, ಸೋರುವ ಮಾಡು, ನೆಲದಿಂದ ಎತ್ತರಿಸಿದ ಸಣ್ಣ ಮರದ ಪೆಟ್ಟಿಗೆ ಇವುಗಳಲ್ಲಿ ಬೇಡ, ಮರದ ನೆಲ ಕೊಳೆಯುತ್ತದೆ. ಒಂದು ಕೋಳಿಗೆ ನಾಲ್ಕು ಚದರಡಿಯಾದರೂ ಜಾಗ ಬೇಕು. ನಿಮ್ಮದು ಮೂವತ್ತಾರು ಚದರಡಿ, ಎಂಟು ಕೋಳಿಗೆ ಸರಿಹೋಗುತ್ತದೆ. ಮರಿಗಳು ದೊಡ್ಡವಾದ ಮೇಲೆ ಇದೇ ಗೂಡಿಗೆ ಸೇರಿಸುತ್ತೀರಾದರೆ ಲೆಕ್ಕ ತಪ್ಪುತ್ತದೆ, ಆಗ ಯಾವ ಹಾಸೂ ನಿಮ್ಮನ್ನು ಕಾಪಾಡುವುದಿಲ್ಲ. ಮೊದಲ ಮೂರು ತಿಂಗಳು ಹಲಗೆ ಇಟ್ಟು, ಬಟ್ಟಲು ಎತ್ತರಿಸಿ, ಒಣ ಹಾಸು ಕಾಪಾಡುವುದು ರೂಢಿಯಾಗಲಿ. ಆಮೇಲೆ ಬೇಕಾದರೆ ತೆಗೆಯದೆ ಬೆಳೆಸುತ್ತಾ ಹೋಗಿ. ಪೂರ್ತಿ ಖಾಲಿ ಮಾಡುವಾಗ ರೋಗ ಬಂದಿರದಿದ್ದರೆ ಒಂದೆರಡು ಬುಟ್ಟಿ ಒಣಗಿದ ಹಳೆ ಹಾಸನ್ನು ಉಳಿಸಿ ಹೊಸದರ ಜೊತೆ ಬೆರೆಸಿ, ಹೆಪ್ಪು ಹಾಕಿದ ಹಾಗೆ. ರೋಗ ಬಂದಿದ್ದರೆ ಒಂದು ಚೂರೂ ಉಳಿಸಬೇಡಿ.

ಮರಿಗಳಿಗೆ ಬೇರೆ ಜಾಗ, ಬೇರೆ ಹಾಸು. ಮೊದಲ ಎರಡು ಮೂರು ದಿನ ಹಾಸಿನ ಮೇಲೆ ಒರಟಾದ ಬಟ್ಟೆ ಹರಡಿ, ಯಾವುದು ಆಹಾರ ಯಾವುದು ಕಸ ಅಂತ ಅವಕ್ಕಿನ್ನೂ ಗೊತ್ತಿರುವುದಿಲ್ಲ. ನುಣುಪು ಕಾಗದದ ಮೇಲೆ ಕಾಲು ಜಾರಿ ಅಗಲವಾಗಿಬಿಟ್ಟರೆ ಹಾಗೇ ನಿಂತುಹೋಗಬಹುದು. ಆಮೇಲೆ ಎರಡು ಇಂಚು ಹೊಟ್ಟೋ ದಪ್ಪ ಸಿಪ್ಪೆಯೋ ಸಾಕು. ಮರದ ಪುಡಿ ಬೇಡ, ತಿನ್ನುತ್ತವೆ. ಮರಿಗಳಿಗೆ ತೇವದ ಅಪಾಯ ದೊಡ್ಡವಕ್ಕಿಂತ ಜಾಸ್ತಿ. ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿ ಜೀವಿಯ ತತ್ತಿಗಳು ಹಿಕ್ಕೆಯಲ್ಲಿ ಬಂದ ತಕ್ಷಣ ರೋಗ ಹರಡುವುದಿಲ್ಲ, ಅವು ಬಲಿಯಲು ಬೆಚ್ಚಗಿನ, ತೇವದ ಜಾಗದಲ್ಲಿ ಒಂದೆರಡು ದಿನ ಬೇಕು. ಹಾಸು ಒಣಗಿದ್ದರೆ ಬಹುಪಾಲು ಬಲಿಯುವುದೇ ಇಲ್ಲ. ಮರಿಗಳ ನೀರಿನ ಬಟ್ಟಲಿನ ಸುತ್ತ ಒಂದಡಿ ಜಾಗವನ್ನು ದಿನಕ್ಕೆರಡು ಸಲ ನೋಡಿ, ಒದ್ದೆಯಾದದ್ದನ್ನು ಅಲ್ಲೇ ಎತ್ತಿ ಎಸೆಯಿರಿ.

ಮೊಟ್ಟೆ ಇಡುವ ಡಬ್ಬಿಗೆ ಬೇರೆ ಹಾಸು ಇಡಿ, ಮೃದುವಾದ ಸಿಪ್ಪೆಯೋ ತುಂಡು ಹುಲ್ಲೋ. ಕೋಲು ಆ ಡಬ್ಬಿಗಿಂತ ಎತ್ತರದಲ್ಲಿರಲಿ, ಇಲ್ಲದಿದ್ದರೆ ರಾತ್ರಿ ಅದರಲ್ಲೇ ಮಲಗಿ ಹೊಲಸು ಮಾಡುತ್ತವೆ. ಹುಲ್ಲು ಬದಲಿಸುವಾಗ ಡಬ್ಬಿಯ ಸಂದಿ, ಕೋಲಿನ ತುದಿ ಗೋಡೆಗೆ ಸೇರುವ ಜಾಗ ಟಾರ್ಚ್ ಹಾಕಿ ನೋಡಿ. ರಕ್ತ ಹೀರುವ ಕೆಂಪು ಮೈಟ್‌ಗಳು ಹಗಲು ಅಡಗುವುದು ಅಲ್ಲಿ.

ಈಗಿರುವ ಮರದ ಪುಡಿಯನ್ನು ಏನು ಮಾಡುವುದು ಅಂತ ಕೇಳುತ್ತೀರಿ. ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಕೋಳಿಗಳನ್ನು ಹೊರಗೆ ಬಿಟ್ಟು, ಪೂರ್ತಿ ತೆಗೆಯಿರಿ. ನೆಲ ತೊಳೆದರೆ ಎರಡು ದಿನ ಚೆನ್ನಾಗಿ ಒಣಗಿಸಿ. ಬಿಸಿಲು ಇಲ್ಲದಿದ್ದರೆ ತೊಳೆಯುವ ಗೋಜೇ ಬೇಡ, ಕೆರೆದು ಗುಡಿಸಿದರೆ ಸಾಕು, ಒದ್ದೆ ಸಿಮೆಂಟಿನ ಮೇಲೆ ಹೊಸ ಹಾಸು ಹಾಕಿದರೆ ಮೊದಲ ದಿನವೇ ಸೋತಂತೆ. ತೆಗೆದದ್ದನ್ನು ಒಣ ಎಲೆಯ ಜೊತೆ ಗುಡ್ಡೆ ಹಾಕಿ, ವಾರಕ್ಕೊಮ್ಮೆ ಮಗುಚಿ. ಸರಿಯಾಗಿ ಕೂತರೆ ಗುಡ್ಡೆಯ ಒಡಲು 55 ಡಿಗ್ರಿ ದಾಟುತ್ತದೆ, ಕೈ ಹಾಕಲಾಗುವುದಿಲ್ಲ. ಬಿಸಿ ಪೂರ್ತಿ ಇಳಿದು, ಮಣ್ಣಿನ ವಾಸನೆ ಬಂದ ಮೇಲೆ ಗಿಡಕ್ಕೆ ಹಾಕಿ. ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ. ಮಣ್ಣಿಗೆ ತಾಗುವ ಸೊಪ್ಪು, ಮೂಲಂಗಿ, ಕ್ಯಾರೆಟ್ ಬೆಳೆಯುವ ಮಡಿಗೆ ಮಾಗದ ಹಿಕ್ಕೆ ಬಿದ್ದಿದ್ದರೆ ಕೊಯ್ಲಿಗೂ ಅದಕ್ಕೂ ನಾಲ್ಕು ತಿಂಗಳ ಅಂತರ ಇರಲಿ. ಮುಂದೆ ಭತ್ತದ ಹೊಟ್ಟು ಹಾಕತೊಡಗಿದ ಮೇಲೆ ಗೊಬ್ಬರ ಇಷ್ಟು ಬೇಗ ಆಗುವುದಿಲ್ಲ, ಹೊಟ್ಟು ಕರಗುವುದು ನಿಧಾನ. ಅದಕ್ಕೆ ಎರಡು ಗುಡ್ಡೆ ಇಟ್ಟುಕೊಳ್ಳಿ, ಒಂದಕ್ಕೆ ಹಾಕುತ್ತಿರುವಾಗ ಇನ್ನೊಂದು ಮಾಗುತ್ತಿರಲಿ. ಹಲಗೆಯಿಂದ ಪ್ರತಿದಿನ ಬೆಳಿಗ್ಗೆ ಕೆರೆದ ಬಕೆಟ್ಟೂ ಅದರ ಮೇಲೇ ಹೋಗಲಿ, ಮೇಲೊಂದು ಬೊಗಸೆ ಎಲೆ ಮುಚ್ಚಿದರೆ ನೊಣ ಬರುವುದಿಲ್ಲ.